ಸುರತ್ಕಲ್ ಪೇಟೆಯ ಅಂಗಡಿಗಳು ಮತ್ತು ಕಡದ ಲೆಕ್ಕ

ದಕ್ಷಿಣ ಕನ್ನಡದ ಊರುಗಳ ಹೆಸರುಗಳನ್ನು ಸಾಲಾಗಿ ಓದುತ್ತ ಹೋದರೆ, ದೇವರ ಹೆಸರನ್ನೋ ಹೊಳೆಯ ಹೆಸರನ್ನೋ ಹೊತ್ತ ಊರುಗಳ ನಡುವೆ ಅಂಗಡಿಯ ಹೆಸರನ್ನೇ ಹೊತ್ತ ಊರುಗಳೂ ಎದುರಾಗುತ್ತವೆ. ನೇತ್ರಾವತಿಯನ್ನು ಕುಮಾರಧಾರೆ ಸೇರುವಲ್ಲಿ ಉಪ್ಪಿನಂಗಡಿ, ಚಾರ್ಮಾಡಿ ಘಟ್ಟಕ್ಕೆ ಹೋಗುವ ದಾರಿಯಲ್ಲಿ ಬೆಳ್ತಂಗಡಿ, ಗಡಿಯಾಚೆ ಮಂಜೇಶ್ವರದ ಬಳಿ ಹೊಸಂಗಡಿ, ಸುರತ್ಕಲ್ಲಿನಿಂದ ಉತ್ತರಕ್ಕೆ ಮುಕ್ಕ ಕಳೆದು ಪಾವಂಜೆಯ ಹೊಳೆ ದಾಟಿದರೆ ಹಳೆಯಂಗಡಿ. ಸಂತೆಯೆಂದರೆ ವಾರಕ್ಕೊಮ್ಮೆ ಕೂಡಿ ಸಂಜೆಗೆ ಚದುರುವ ವ್ಯಾಪಾರ. ಅಂಗಡಿಯೆಂದರೆ ಒಂದೇ ಜಾಗದಲ್ಲಿ ನೆಲೆನಿಂತು, ಜಡಿಮಳೆಯಲ್ಲೂ ಬಾಗಿಲು ತೆರೆದು, ಕೊಳ್ಳಲು ಬಂದವನ ಮನೆತನವನ್ನು ಬಲ್ಲ ವ್ಯಾಪಾರ. ಹೀಗೆ ನೆಲೆನಿಂತ ವ್ಯಾಪಾರದ ಸುತ್ತ ಊರು ಬೆಳೆದು, ಅಂಗಡಿಯೇ ಊರಿನ ಹೆಸರಾದುದಕ್ಕೆ ಈ ಸ್ಥಳನಾಮಗಳೇ ಸಾಕ್ಷಿ. ಇಂದು ಸುರತ್ಕಲ್ಲಿನ ಒಂದು ಮನೆಯವರು ಸೂಪರ್‌ಮಾರ್ಕೆಟನ್ನು ಬಿಟ್ಟು ಬೀದಿಯ ತಿರುವಿನ ಅಂಗಡಿಗೆ ಮರಳಲು ನಿಶ್ಚಯಿಸಿದರೆ ಅದನ್ನು ಹೊಸ ಕಾಲದ ಒಲವೆಂದಷ್ಟೇ ಎಣಿಸುವುದು ಸರಿಯಾಗದು. ಈ ಊರಿನ ಸಣ್ಣ ಅಂಗಡಿಗಳು ಸಾಮಾನು ಮಾರುವುದರ ಜೊತೆಗೆ, ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ ಊರಿಗೆ ಕಡ ಕೊಟ್ಟು ಅದನ್ನು ಸಾಕಿದವು. ಆ ಲೆಕ್ಕದ ಚರಿತ್ರೆಯನ್ನು ತಿಳಿಯದೆ ಅಂಗಡಿಯ ಇಂದಿನ ಸ್ಥಿತಿ ಅರ್ಥವಾಗುವುದಿಲ್ಲ.

ನಂಬಿಕೆಯ ಮೇಲೆ ಸರಕು ಕೊಟ್ಟು ಹಣವನ್ನು ಆಮೇಲೆ ಪಡೆಯುವ ಪದ್ಧತಿ ಈ ಕರಾವಳಿಗೆ ಬಹಳ ಹಳೆಯದು. ಟುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಹೆಚ್ಚುಕಡಿಮೆ ಮಂಗಳೂರಿನಲ್ಲೇ ನೆಲೆಸಿ ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದುದೂ, ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳು ಬರುತ್ತಿದ್ದುದೂ ಕೈರೋ ನಗರದ ಸಿನಗಾಗಿನಲ್ಲಿ ದೊರೆತ ಪತ್ರಗಳಿಂದ ತಿಳಿಯುತ್ತದೆ. ಸಮುದ್ರದ ಎರಡು ದಡಗಳಲ್ಲಿದ್ದವರು ವರ್ಷಗಟ್ಟಲೆ ಮುಖ ನೋಡದೆ, ಪತ್ರದ ಮಾತನ್ನು ನಂಬಿ ಕೊಡುಕೊಳ್ಳುವಿಕೆ ನಡೆಸಿದ್ದ ಕಾಲ ಅದು. ಎರಡು ಶತಮಾನಗಳ ತರುವಾಯ, 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ ಈ ಪಟ್ಟಣದಲ್ಲಿ ಸುಮಾರು 4,000 ಮುಸಲ್ಮಾನರು ವಾಸವಾಗಿದ್ದುದನ್ನು ಬರೆದಿದ್ದಾನೆ. ತುಳುವಿನಲ್ಲಿ ವ್ಯಾಪಾರಕ್ಕೆ ‘ಬ್ಯಾರ’ ಎಂಬ ಮಾತಿದ್ದು, ಬ್ಯಾರಿ ಸಮುದಾಯದ ಹೆಸರು ಅದರಿಂದಲೇ ಬಂದಿತೆಂಬ ಅಭಿಪ್ರಾಯ ಬಳಕೆಯಲ್ಲಿದೆ. ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ ಬಲಗೊಂಡ ಮೇಲೆ ದಕ್ಷಿಣಕ್ಕೆ ಬಂದು ನೆಲೆಸಿದ ಕೊಂಕಣಿ ಮಾತಿನ ಗೌಡ ಸಾರಸ್ವತರು ಪೇಟೆಪೇಟೆಗಳಲ್ಲಿ ಜೀನಸಿನ ಅಂಗಡಿಗಳನ್ನು ತೆರೆದರು. ಜೀನಸು ಎಂದರೆ ಅಕ್ಕಿ, ಬೇಳೆ, ಬೆಲ್ಲ, ಮೆಣಸು ಮುಂತಾದ ಅಡುಗೆಮನೆಯ ಸಾಮಾನು. ಮನೆಯಲ್ಲಿ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಅಂಗಡಿಯವರು ಗಿರಾಕಿಯೊಡನೆ ತುಳುವಿನಲ್ಲಿ ಮಾತನಾಡಿ, ಲೆಕ್ಕವನ್ನು ಕನ್ನಡದಲ್ಲಿ ಬರೆಯುವುದು ಇಲ್ಲಿ ಯಾರಿಗೂ ವಿಶೇಷವೆನಿಸಲಿಲ್ಲ.

ಸುರತ್ಕಲ್, ಇಡ್ಯ, ಹೊಸಬೆಟ್ಟು, ಕುಳಾಯಿ, ಬೈಕಂಪಾಡಿ ಮೊದಲಾದ ಗ್ರಾಮಗಳಲ್ಲಿ ಬಹುಕಾಲ ಅಕ್ಕಿಯೇ ಹಣವಾಗಿತ್ತು. ಭತ್ತದ ಹುಲ್ಲಿನ ಹಗ್ಗ ಹೊಸೆದು, ಹುಲ್ಲಿನ ಒಳಗೆ ಅಕ್ಕಿಯನ್ನು ತುಂಬಿ, ಗುಂಡಗೆ ಬಿಗಿದು ಕಟ್ಟಿದ ಮೂಟೆಗೆ ಮುಡಿ ಎಂದು ಹೆಸರು. ವಾಡಿಕೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಒಕ್ಕಲು ಧಣಿಗೆ ಕೊಡುತ್ತಿದ್ದ ಗೇಣಿ, ಅಂದರೆ ಜಮೀನಿನ ವಾರ್ಷಿಕ ಬಾಡಿಗೆ, ಮುಡಿಗಳ ಲೆಕ್ಕದಲ್ಲಿತ್ತು. ಕೂಲಿಯೂ ಬಹುಪಾಲು ಅಕ್ಕಿಯ ರೂಪದಲ್ಲೇ ಸಲ್ಲುತ್ತಿತ್ತು. ತೆಂಗಿನೆಣ್ಣೆ ಗಾಣಿಗರಿಂದ, ಮಡಕೆ ಕುಂಬಾರರಿಂದ, ಮೀನು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಬರುವ ಮೊಗವೀರ ಹೆಂಗಸರಿಂದ ದೊರೆಯುತ್ತಿದ್ದುದರಿಂದ, ಅಂಗಡಿಗೆ ಹೋಗಬೇಕಾದದ್ದು ಉಪ್ಪು, ಮೆಣಸು, ಬೆಲ್ಲ, ಚಿಮಿಣಿ ಎಣ್ಣೆ, ಹೊಗೆಸೊಪ್ಪುಗಳಂಥ ಕೆಲವಕ್ಕೆ ಮಾತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರಧಾನ್ಯಗಳ ಮೇಲೆ ಬಂದ ಸರ್ಕಾರದ ಹತೋಟಿಯಿಂದ, ಜನರ ಮಾತಿನಲ್ಲಿ ‘ಕಂಟ್ರೋಲಿ’ನಿಂದ, ಈ ವ್ಯವಸ್ಥೆ ಸಡಿಲಿತು, ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದು, 1952ರಲ್ಲಿ ರಾಜಾಜಿಯವರು ಹತೋಟಿಯನ್ನು ತೆಗೆದರು. 1974ರ ಭೂಸುಧಾರಣೆಯಿಂದ ಗೇಣಿ ಪದ್ಧತಿಯೇ ಕೊನೆಗೊಂಡು ಉಳುವವನು ಒಡೆಯನಾದ ಮೇಲೆ, ಮುಡಿ ಮನೆಯ ಅಟ್ಟದಿಂದ ಮೆಲ್ಲಗೆ ಕಣ್ಮರೆಯಾಯಿತು. ಊಟದ ಕುಚ್ಚಲಕ್ಕಿಯನ್ನೂ ಅಂಗಡಿಯಿಂದ ತರುವ ಕಾಲ ಬಂತು.

ಆ ಅಂಗಡಿಯ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಂಚಿನ ಮಾಡು, ರಾತ್ರಿ ಒಂದೊಂದಾಗಿ ಜೋಡಿಸಿ ಮುಚ್ಚುವ ಮರದ ಹಲಗೆಗಳ ಬಾಗಿಲು, ಜಗಲಿಯ ಮೇಲೆ ಕಲ್ಲುಪ್ಪಿನ ಪೆಟ್ಟಿಗೆ. ಒಳಗೆ ಬಾಯಿ ಮಡಚಿಟ್ಟ ಗೋಣಿಗಳಲ್ಲಿ ಅಕ್ಕಿ, ಹುರುಳಿ, ಹೆಸರು, ಒಣಮೆಣಸು. ಅವುಗಳ ಹಿಂದೆ ಕಾಲು ಮಡಚಿ ಕುಳಿತ ಅಂಗಡಿಯವರು, ಅವರ ಕೈಗೆಟಕುವಂತೆ ತಕ್ಕಡಿ. ಹಳೆಯ ಪತ್ರಿಕೆಯ ಹಾಳೆಯನ್ನು ಸುರುಳಿ ಮಾಡಿ ತುದಿ ಮಡಚಿದರೆ ಪೊಟ್ಟಣ. ಮಾಡಿನಿಂದ ಇಳಿಬಿದ್ದ ನೂಲನ್ನು ಎಳೆದು ಅದಕ್ಕೆ ಎರಡು ಸುತ್ತು ಹಾಕಿ ಬೆರಳಿನಿಂದಲೇ ತುಂಡರಿಸುವ ಕೆಲಸ ಕಣ್ಣೆವೆ ಮುಚ್ಚುವಷ್ಟರಲ್ಲಿ ಮುಗಿಯುತ್ತಿತ್ತು. ತೂಕ ಮುಗಿದ ಮೇಲೆ ಒಂದು ಚಿಟಿಕೆ ಹೆಚ್ಚಾಗಿ ಹಾಕುವುದಕ್ಕೆ ಕೊಸರು ಎಂದು ಹೆಸರು. ಮಗು ಬಂದಿದ್ದರೆ ಕೊಸರು ಬೆಲ್ಲದ ಚೂರಾಗಿ ಅದರ ಅಂಗೈ ಸೇರುತ್ತಿತ್ತು.

ಈ ಎಲ್ಲಕ್ಕಿಂತ ಮುಖ್ಯವಾದದ್ದು ಗಲ್ಲಾಪೆಟ್ಟಿಗೆಯ ಪಕ್ಕದ ಉದ್ದನೆಯ ಪುಸ್ತಕ. ಅದು ಕಡದ ಪುಸ್ತಕ. ಅದರಲ್ಲಿ ಮನುಷ್ಯನಿಗಿಂತ ಮನೆಗೆ ಹೆಚ್ಚಿನ ಬೆಲೆಯಿತ್ತು. ಯಾರು ಬಂದು ಒಯ್ದರೂ ಬರೆಯುವುದು ಮನೆಯ ಹೆಸರಿನ ಕೆಳಗೆ. ಕರಾವಳಿಯ ವರ್ಷ ಸಮವಾಗಿ ಹರಿಯುವುದಿಲ್ಲ. ಮಳೆ ಹಿಡಿದ ಮೇಲೆ ದೋಣಿಗಳು ದಡ ಸೇರುತ್ತವೆ. ಯಾಂತ್ರಿಕ ದೋಣಿಗಳಿಗಂತೂ ಜೂನ್ 1ರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷಿದ್ಧ. ಅದು ಮುಗಿಯುವ ಮೊದಲೇ ಹಿಡಿಯುವ ಆಟಿ ತಿಂಗಳು ಗದ್ದೆಯಲ್ಲೂ ಕೆಲಸವಿಲ್ಲದ, ಅಟ್ಟದಲ್ಲೂ ಅಕ್ಕಿಯಿಲ್ಲದ ತಿಂಗಳೆಂದೇ ತುಳುನಾಡಿನ ನೆನಪಿನಲ್ಲಿ ಉಳಿದಿದೆ. ಗುಡ್ಡೆಕೊಪ್ಲದ ಮೀನುಗಾರರ ಮನೆಗೂ ಇಡ್ಯದ ಕೂಲಿಯವರ ಮನೆಗೂ ಆ ಎರಡು ಮೂರು ತಿಂಗಳನ್ನು ದಾಟಿಸಿದ್ದು ಅಂಗಡಿಯ ಕಡ. ಬಲೆಗೆ ಮತ್ತೆ ಮೀನು ಬಿದ್ದಾಗ, ಕೊಯ್ಲು ಮುಗಿದಾಗ, ಮುಂಬಯಿಯಿಂದ ಮನಿಯಾರ್ಡರ್ ಬಂದಾಗ ಆ ಲೆಕ್ಕ ತೀರುತ್ತಿತ್ತು. ಜಿಲ್ಲೆಯ ಸಾವಿರಾರು ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ದಶಕಗಳಲ್ಲಿ, ಎಲೆ ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ತೆಗೆದುಕೊಳ್ಳುವ ‘ಬೀಡಿ ಬ್ರಾಂಚಿ’ನ ಮಜೂರಿ ಕೈಸೇರಿದ ದಿನವೇ ಅಂಗಡಿಯ ಬಾಕಿ ಸಂದಾಯದ ದಿನವೂ ಆಗಿತ್ತು. ದೀಪಾವಳಿಯ ಅಂಗಡಿ ಪೂಜೆಯಂದು ಹಳೆಯ ಪುಸ್ತಕವನ್ನು ಮುಚ್ಚಿ, ಹೊಸ ಪುಸ್ತಕಕ್ಕೆ ಅರಶಿನ ಕುಂಕುಮ ಹಚ್ಚಿ, ಬಂದ ಗಿರಾಕಿಗಳಿಗೆಲ್ಲ ಅವಲಕ್ಕಿ ಪ್ರಸಾದ ಹಂಚುವ ಪದ್ಧತಿಯಲ್ಲಿ ಆ ವರ್ಷದ ಕೊಡುಕೊಳ್ಳುವಿಕೆ ಒಂದು ಹಬ್ಬವಾಗಿ ಮುಗಿಯುತ್ತಿತ್ತು.

ಈ ಜಿಲ್ಲೆಯಲ್ಲಿ ಬ್ಯಾಂಕುಗಳು ಹುಟ್ಟಿದುದೂ ಇದೇ ಮಣ್ಣಿನಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹಾಜಿ ಅಬ್ದುಲ್ಲ ಅವರು ಮುಂದಾಗಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರವು; 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಬ್ಯಾಂಕಿನ ಪ್ರತಿನಿಧಿಯೇ ಮನೆಗೂ ಅಂಗಡಿಗೂ ಬಂದು ವಸೂಲು ಮಾಡುವ ಈ ಕ್ರಮದಿಂದ, ಗೂಡಂಗಡಿಯವನ ಚಿಲ್ಲರೆ ಕಾಸು ಕೂಡ ಬ್ಯಾಂಕಿನ ಬಂಡವಾಳವಾಯಿತು. ದೇಶದ ಬ್ಯಾಂಕಿಂಗ್ ಚರಿತ್ರೆ ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತೊಟ್ಟಿಲೆಂದು ಹೊಗಳುವಾಗ, ಆ ತೊಟ್ಟಿಲನ್ನು ತೂಗಿದ ಕೈಗಳಲ್ಲಿ ಸಣ್ಣ ಅಂಗಡಿಯವರ ಕೈಯೂ ಇತ್ತೆಂಬುದನ್ನು ಸಾಕಷ್ಟು ಹೇಳಿಲ್ಲ.

ಹಾಗೆಂದು ಹಳೆಯ ಅಂಗಡಿಯನ್ನು ಕುಂದಿಲ್ಲದ ಸಂಸ್ಥೆಯಂತೆ ಚಿತ್ರಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. ಸೇರು, ಪಾವು, ಕುಡ್ತೆಗಳು ಊರಿಂದೂರಿಗೆ ಬದಲಾಗುತ್ತಿದ್ದುದರಿಂದ ಅಳತೆಯ ಮೋಸಕ್ಕೆ ಎಡೆಯಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆ, ಅದರ ಹಿಂದೆಯೇ ಬಂದ ಕಿಲೋಗ್ರಾಂ ಹಾಗೂ ಲೀಟರುಗಳು ಬಡ ಗಿರಾಕಿಗೆ ನಿಜವಾದ ರಕ್ಷಣೆಯಾದವು. ಓದು ಬಾರದವರ ಬಾಕಿ ಯಾರ ಕೈಬರಹದಲ್ಲಿ ಬೆಳೆಯುತ್ತಿತ್ತೆಂಬುದೂ ಕೇಳಬೇಕಾದ ಪ್ರಶ್ನೆಯೇ. ಇದಕ್ಕಿಂತ ಕ್ರೂರವಾದದ್ದು ಜಾತಿಯ ಗೆರೆ: ಅಸ್ಪೃಶ್ಯರೆನಿಸಿಕೊಂಡವರು ಜಗಲಿಯ ಕೆಳಗೆ, ಅಂಗಳದಾಚೆ ನಿಂತು ಸಾಮಾನು ಕೇಳಬೇಕಾಗಿತ್ತು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದ್ದು ಇಂಥ ಜಿಲ್ಲೆಯಲ್ಲಿಯೇ. ಎಲ್ಲರೂ ಒಂದೇ ಬಾಗಿಲಿನಿಂದ ಒಳಹೊಕ್ಕು ಬೇಕಾದುದನ್ನು ತಮ್ಮ ಕೈಯಿಂದಲೇ ಎತ್ತಿಕೊಳ್ಳುವ ಸೂಪರ್‌ಮಾರ್ಕೆಟ್ಟಿನ ಏರ್ಪಾಡಿಗೆ ಈ ಹಿನ್ನೆಲೆಯಲ್ಲಿ ಒಂದು ಘನತೆಯಿದೆ. ಸಣ್ಣ ಅಂಗಡಿಗೆ ಮರಳಬೇಕೆನ್ನುವವರು ಆ ಘನತೆಯನ್ನು ಬಿಟ್ಟುಕೊಡದೆ ಮರಳಬೇಕು.

ಅಂಗಡಿಗೂ ಧಣಿಗೂ ಅಧೀನವಾಗದೆ ಜನರೇ ಕೂಡಿ ಬಂಡವಾಳ ಹಾಕುವ ದಾರಿಯೊಂದು ಈ ಜಿಲ್ಲೆಗೆ ಬೇಗನೆ ತೆರೆದಿತ್ತು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಬಂದಿತು; ಪತ್ತು ಎಂದರೆ ನಂಬಿ ಕೊಡುವ ಸಾಲ. ಪುತ್ತೂರಿನ ಮೊಳಹಳ್ಳಿ ಶಿವರಾಯರು ಹಳ್ಳಿಹಳ್ಳಿ ಸುತ್ತಿ ಸಂಘಗಳನ್ನು ಕಟ್ಟಿ, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಗ್ರಾಹಕರ ಸಹಕಾರ ಚಳವಳಿಯ ಮೂಲವೆನಿಸಿದ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ 28 ಮಂದಿ ಕಾರ್ಮಿಕರು ತೆರೆದ ಅಂಗಡಿಯಲ್ಲಿ ಕಡಕ್ಕೆ ಅವಕಾಶವೇ ಇರಲಿಲ್ಲ, ನಗದು ಕೊಟ್ಟರಷ್ಟೇ ಸಾಮಾನು. ಸಾಲಕ್ಕೆ ಸಿಕ್ಕಿದ ಕೂಲಿಗಾರ ಕಲಬೆರಕೆಯ ಸರಕನ್ನೂ ಬಾಯಿಮುಚ್ಚಿ ಕೊಳ್ಳಬೇಕಾಗುತ್ತದೆಂಬ ಅನುಭವದಿಂದ ಅವರು ಆ ನಿಯಮ ಮಾಡಿಕೊಂಡಿದ್ದರು. ವರ್ಷವೆಲ್ಲ ವಾರದ ಕೂಲಿ ಬರುವ ಕೈಗಾರಿಕಾ ಪಟ್ಟಣಕ್ಕೆ ಹೊಂದಿದ ನಿಯಮ, ಆಟಿಯ ಹಸಿವಿನ ಕರಾವಳಿಗೆ ಹೊಂದುವಂತಿರಲಿಲ್ಲ. 1962ರ ಯುದ್ಧದ ಬಳಿಕ ಬೆಲೆಯೇರಿಕೆಯನ್ನು ತಡೆಯಲು ಸರ್ಕಾರದ ಬೆಂಬಲದಿಂದ ಹುಟ್ಟಿದ ಗ್ರಾಹಕರ ಸಹಕಾರಿ ಭಂಡಾರಗಳು, ಕರ್ನಾಟಕದಲ್ಲಿ ಜನತಾ ಬಜಾರ್ ಎಂಬ ಹೆಸರಿನಲ್ಲಿ ಪರಿಚಿತವಾದವು, ನಗರಗಳಲ್ಲಿ ಕೆಲಕಾಲ ಚೆನ್ನಾಗಿ ನಡೆದರೂ ಬೀದಿಯ ಅಂಗಡಿಯ ಸ್ಥಾನವನ್ನು ತುಂಬಲಾರದೆ ಹೋದುದಕ್ಕೆ ಇದೂ ಒಂದು ಕಾರಣ.

ಸುರತ್ಕಲ್ಲಿನ ಸ್ವರೂಪವನ್ನೇ ಬದಲಿಸಿದ್ದು 1960ರ ನಂತರದ ಮೂರೂವರೆ ದಶಕಗಳು. ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, ಇಂದಿನ ಎನ್‌ಐಟಿಕೆ, ಇಲ್ಲಿನ ಕಡಲದಂಡೆಯಲ್ಲಿ ತಲೆಯೆತ್ತಿತು; ಪಣಂಬೂರಿನಲ್ಲಿ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು; 1976ರಲ್ಲಿ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು; 1996ರಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಕೆಲಸಕ್ಕೆ ತೊಡಗಿತು. ಬಂದರಿಗಾಗಿ ಪಣಂಬೂರಿನ ಸುತ್ತ ನೆಲ ಕಳೆದುಕೊಂಡ ಕುಟುಂಬಗಳಿಗೆ ಕಾಟಿಪಳ್ಳ ಮತ್ತು ಕೃಷ್ಣಾಪುರಗಳಲ್ಲಿ ನಿವೇಶನ ಸಿಕ್ಕಿತು. ಮನೆತನದ ಹೆಸರಿನಿಂದ ಗುರುತಾಗುತ್ತಿದ್ದವರಿಗೆ ಬ್ಲಾಕಿನ ಸಂಖ್ಯೆಯೇ ವಿಳಾಸವಾಯಿತು. ನೆಲವೂ ಬಾವಿಯೂ ತೆಂಗಿನ ಮರಗಳೂ ಹೋದವರಿಗೆ ಎಲ್ಲವನ್ನೂ ಕೊಂಡು ತಿನ್ನುವ ಸ್ಥಿತಿ ಬಂದಾಗ, ಹೊಸ ಬ್ಲಾಕುಗಳ ಅಂಗಡಿಗಳ ಆಸರೆ ಎಷ್ಟು ದೊಡ್ಡದಾಗಿದ್ದಿರಬೇಕೆಂಬುದನ್ನು ಯಾವ ಯೋಜನಾ ವರದಿಯ ಅಂಕಿಅಂಶವೂ ಅಳೆಯಲಾರದು. ಇನ್ನೊಂದೆಡೆ ಕಾರ್ಖಾನೆ, ಬಂದರು, ಕಾಲೇಜುಗಳಿಂದ ತಿಂಗಳ ಸಂಬಳದ ಒಂದು ವರ್ಗವೂ ಬೆಳೆಯಿತು. ಸಂಬಳದವನಿಗೆ ಆಟಿಯಿಲ್ಲ, ಕಡದ ಅಗತ್ಯವೂ ಇಲ್ಲ. ಅಂಗಡಿಯೊಡನೆ ಅವನ ಸಂಬಂಧ ಬೆಲೆಯೊಂದರಲ್ಲೇ ನಿಂತಿತು. ಬೆಲೆಯೊಂದೇ ಮಾನದಂಡವಾದ ದಿನ ಸಣ್ಣ ಅಂಗಡಿ ಸೋಲತೊಡಗಿತು.

ಗಿರಾಕಿ ತಾನೇ ಒಳಗೆ ಓಡಾಡಿ ಸಾಮಾನು ಆರಿಸಿಕೊಳ್ಳುವ ಕ್ರಮ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದ ಪಿಗ್ಲಿ ವಿಗ್ಲಿ ಎಂಬ ಅಂಗಡಿಯಿಂದ ಹೆಸರಾಯಿತು. ಅಂಗಡಿಯವನು ಅಳೆದು, ಕಟ್ಟಿ, ಮಾತನಾಡಿ ಕೊಡುತ್ತಿದ್ದ ಕೆಲಸವೆಲ್ಲ ಅಲ್ಲಿ ಪೊಟ್ಟಣದ ಮೇಲಿನ ಅಕ್ಷರಗಳ ಪಾಲಾಯಿತು. ಭಾರತದಲ್ಲಿ ಸಾಮಾನುಗಳು ಮೊದಲೇ ತೂಗಿ, ಬೆಲೆ ಅಚ್ಚಾಗಿ ಬರತೊಡಗಿದಂತೆ ಆ ಪದ್ಧತಿಗೆ ದಾರಿ ಸುಗಮವಾಯಿತು. 1990ರ ದಶಕದ ನಡುವಿನಿಂದ ದಕ್ಷಿಣದ ನಗರಗಳಲ್ಲಿ ಸರಣಿ ಮಳಿಗೆಗಳು ಹರಡಿದವು, 2006ರಲ್ಲಿ ರಿಲಯನ್ಸ್ ಈ ವ್ಯಾಪಾರಕ್ಕಿಳಿಯಿತು, 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರಷ್ಟು ವಿದೇಶಿ ಬಂಡವಾಳಕ್ಕೆ ಅನುಮತಿ ಕೊಟ್ಟಾಗ ದೇಶದ ವ್ಯಾಪಾರಿಗಳು ಬಂದ್ ಆಚರಿಸಿದರು. ಸುರತ್ಕಲ್ಲಿನಲ್ಲಿ ಇದರ ಜೊತೆಗೆ ಊರಿನದೇ ಆದ ಕಾರಣಗಳೂ ಸೇರಿಕೊಂಡವು. ಹೆದ್ದಾರಿ ಚತುಷ್ಪಥವಾದಾಗ ಪೇಟೆಯ ಎರಡು ಬದಿಗಳು ಎರಡು ಊರುಗಳಂತೆ ಬೇರೆಯಾದವು. ಚೀಲ ಹಿಡಿದ ಮುದುಕಿ ರಸ್ತೆ ದಾಟುವುದಕ್ಕಿಂತ ಕಾರಿನವನು ಮುಂದಿನ ಮಳಿಗೆಗೆ ಹೋಗುವುದು ಸುಲಭವಾಯಿತು. ಹಳೆಯ ಮಾರುಕಟ್ಟೆಯನ್ನು ಕೆಡವಿ ಹೊಸ ಸಂಕೀರ್ಣ ಕಟ್ಟುವ ಕೆಲಸ ವರ್ಷಗಟ್ಟಲೆ ನೆನೆಗುದಿಗೆ ಬಿದ್ದು, ವ್ಯಾಪಾರಿಗಳು ತಾತ್ಕಾಲಿಕ ನೆಲೆಯಲ್ಲೇ ದಿನ ತಳ್ಳಬೇಕಾಯಿತು. ಸಣ್ಣ ವ್ಯಾಪಾರ ತಾನಾಗಿಯೇ ಸೊರಗಿತೆಂದು ಹೇಳುವವರು ಈ ಎರಡು ಸಂಗತಿಗಳನ್ನು ಮರೆಯಬಾರದು.

2020ರ ಲಾಕ್‌ಡೌನ್ ಕಾಲದಲ್ಲಿ ಮಂಗಳೂರಿನ ಕೇಂದ್ರ ಮಾರುಕಟ್ಟೆ ಮುಚ್ಚಿ, ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು. ದೂರ ಹೋಗಲಾಗದ ಆ ವಾರಗಳಲ್ಲಿ ಮನೆಗಳು ಮತ್ತೆ ನಡೆದು ಹೋಗಬಹುದಾದ ಅಂಗಡಿಯನ್ನು ಅವಲಂಬಿಸಿದವು. ದುಡಿಮೆ ನಿಂತವರಿಗೆ ಕಡದ ಪುಸ್ತಕವೂ ಮತ್ತೆ ತೆರೆಯಿತು. ಮೊಬೈಲಿನಿಂದ ಹಣ ಕಳುಹಿಸುವ ಕಾಲದಲ್ಲೂ ಅಂಥ ಹೊತ್ತಿನಲ್ಲಿ ‘ಆಮೇಲೆ ಕೊಡಿ’ ಎನ್ನಬಲ್ಲವರು ಮುಖ ಬಲ್ಲ ಅಂಗಡಿಯವರು ಮಾತ್ರ.

ಒಂದು ಅಂಗಡಿಯನ್ನು ಬಿಟ್ಟು ಇನ್ನೊಂದನ್ನು ಆರಿಸುವುದು ಸಾರ್ವಜನಿಕ ಕಾರ್ಯವಾಗಬಲ್ಲದೆಂಬುದನ್ನು ಈ ಜಿಲ್ಲೆ ಸ್ವದೇಶಿ ಚಳವಳಿಯಲ್ಲಿ ಕಂಡಿದೆ. ಕಾರ್ನಾಡು ಸದಾಶಿವರಾಯರು ತಮ್ಮ ಆಸ್ತಿಯನ್ನೆಲ್ಲ ದೇಶಸೇವೆಗೆ ಸವೆಸಿದ ಕಾಲದಲ್ಲಿ ವಿದೇಶಿ ಬಟ್ಟೆಯನ್ನು ತೊರೆದು ಖಾದಿ ಕೊಂಡವರು ತಮ್ಮ ಕೊಳ್ಳುವಿಕೆಯಿಂದ ಯಾರ ಮನೆಯ ಒಲೆ ಉರಿಯುತ್ತದೆಂದು ಕೇಳಿಕೊಂಡಿದ್ದರು. ಅದೇ ಅಸ್ತ್ರವನ್ನು ನೆರೆಯವನ ಧರ್ಮ ನೋಡಿ ಪ್ರಯೋಗಿಸುವ ಪ್ರಯತ್ನಗಳೂ ಈ ಕರಾವಳಿಯಲ್ಲಿ ನಡೆದಿವೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯದ ಸ್ಥಾಪನೆಯೊಡನೆ ಬಪ್ಪ ಬ್ಯಾರಿಯೆಂಬ ಮುಸಲ್ಮಾನ ವರ್ತಕನ ಹೆಸರನ್ನು ಐತಿಹ್ಯವೇ ಜೋಡಿಸಿದೆ. 2022ರಲ್ಲಿ ಅದೇ ಕ್ಷೇತ್ರದ ಜಾತ್ರೆಯ ವೇಳೆ ಮುಸಲ್ಮಾನ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರು ಕಾಣಿಸಿಕೊಂಡಿತು. ಊರಿನ ಅಂಗಡಿಗೆ ಮರಳುವುದೆಂದರೆ ಊರಿನ ಎಲ್ಲ ಅಂಗಡಿಗಳಿಗೂ ಮರಳುವುದು. ಒಂದು ಗುಂಪಿನ ಅಂಗಡಿಗಳನ್ನು ಹೊರಗಿಟ್ಟರೆ ಅದು ಊರನ್ನೇ ಒಡೆಯುವ ಕೆಲಸ.

ಮರಳುವವರಿಗೆ ಸಿಗುವುದೇನೆಂಬುದು ಬುಟ್ಟಿಯಲ್ಲೇ ಕಾಣುತ್ತದೆ. ಹಿತ್ತಿಲಲ್ಲಿ ಬೆಳೆದ ಬಸಳೆಯ ಕಟ್ಟು, ಹರಿವೆ, ಮಳೆಗಾಲದ ಕೆಸುವಿನೆಲೆ, ಕಣಿಲೆ, ಅಂಬಟೆ, ಜೀಗುಜ್ಜೆ, ಪುನರ್ಪುಳಿ ಇವೆಲ್ಲ ದೂರದ ದಾಸ್ತಾನು ಮಳಿಗೆಯ ಲೆಕ್ಕಕ್ಕೆ ಒಗ್ಗದ ಸರಕುಗಳು. ಇವು ದೊರೆಯುವುದು ಬೆಳೆದವಳ ಕೈಯಿಂದ ನೇರವಾಗಿ ಕೊಳ್ಳುವ ಅಂಗಡಿಯಲ್ಲಿ. ಹೂವಿನವರ ಬಳಿ ಮಲ್ಲಿಗೆ ಇಂದಿಗೂ ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. 800 ಹೂವಿನ ಮಾಲೆಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಡಿ, ಕಳಸೆಗಳು ಹೋದ ಮೇಲೂ ಈ ಒಂದು ಅಳತೆ ಉಳಿದದ್ದು ಅದನ್ನು ಕೇಳಿ ಕೊಳ್ಳುವವರು ಉಳಿದದ್ದರಿಂದ.

ಸುರತ್ಕಲ್, ಕಾಟಿಪಳ್ಳ, ಕುಳಾಯಿಗಳ ಮನೆಗಳಲ್ಲಿ ತಿಂಗಳ ಸಾಮಾನಿನ ಚೀಟಿಯನ್ನು ಇಂದಿಗೂ ಬರೆಯಲಾಗುತ್ತದೆ. ಬರುವ ತಿಂಗಳಿನ ಚೀಟಿಯನ್ನು ಮನೆಯ ಬಳಿಯ ಅಂಗಡಿಗೆ ಕೊಟ್ಟು, ಹಣವನ್ನು ಆಗಲೇ ಪಾವತಿಸಿ, ಆಟಿಯಲ್ಲಿ ಕಡ ಕೇಳಿ ಬರುವ ಇನ್ನೊಂದು ಮನೆಗೆ ಇಲ್ಲವೆನ್ನದಷ್ಟು ಬಲವನ್ನು ಆ ಅಂಗಡಿಗೆ ತುಂಬುವುದು ಸಂಬಳದ ಪ್ರತಿಯೊಂದು ಮನೆಯೂ ಮಾಡಬಹುದಾದ, ಮಾಡಬೇಕಾದ ಕೆಲಸ.